ಅಂತರಜಾಲದ ಕುಕೀಗಳು ಮತ್ತು ನಾಗರಿಕರ ಖಾಸಗಿತನ

ರೈಲು ಟಿಕೆಟ್ ಕಾದಿರಿಸುವುದು, ಬ್ಯಾಂಕಿನ ಲೆಕ್ಕ ನೋಡುವುದು, ಮಕ್ಕಳ ಪರೀಕ್ಷಾ ಫಲಿತಾಂಶ ತಿಳಿಯುವುದು, ಔಷಧಿ ತರಿಸುವುದು ಮುಂತಾದ ಕೆಲಸಗಳನ್ನು ಇಂದು ಮನೆಯಲ್ಲಿಯೇ ಕುಳಿತು ಅಂತರಜಾಲದ ಮೂಲಕ ಮಾಡಬಹುದಾಗಿದೆ. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿ ಮೊದಲಾದ ನಗರಗಳಲ್ಲಿ ನೆಲೆಸಿರುವ ಕನ್ನಡಿಗರಿಗಂತೂ ಊರಿನ ಪತ್ರಿಕೆಯನ್ನು ಓದಲು, ಬಂಧುಬಳಗದೊಡನೆ ಸಂಪರ್ಕ ಉಳಿಸಿಕೊಳ್ಳಲು ಇದು ನಿತ್ಯದ ಸಾಧನವಾಗಿದೆ. ಆದರೆ ಓದುಗರು ಜಾಲತಾಣವನ್ನು ನೋಡುತ್ತಿರುವಾಗಲೇ ಆ ಜಾಲತಾಣವೂ, ಅದರ ಬೆನ್ನಿಗಿರುವ ಇತರ ಸಂಸ್ಥೆಗಳೂ ಓದುಗರನ್ನು ಗಮನಿಸುತ್ತಿರುತ್ತವೆ ಎಂಬ ಸಂಗತಿ ಅನೇಕರಿಗೆ ತಿಳಿದಿರುವುದಿಲ್ಲ. ಹೀಗೆ ಗಮನಿಸಲು ಬಳಕೆಯಾಗುವ ಸಾಧನಗಳಲ್ಲಿ ಮುಖ್ಯವಾದುದು 'ಕುಕೀ'.

ಜಾಲತಾಣವೊಂದನ್ನು ಮೊದಲ ಬಾರಿಗೆ ತೆರೆದಾಗ ಕುಕೀಗಳಿಗೆ ಸಮ್ಮತಿಯನ್ನು ಕೋರುವ ಚೌಕವೊಂದು ಪರದೆಯ ಮೇಲೆ ಮೂಡುವುದುಂಟು. ಓದಬೇಕಾದ ವಿಷಯಕ್ಕೆ ಅದು ಅಡ್ಡವಾಗಿರುವುದರಿಂದ ಹೆಚ್ಚಿನವರು ಅದರ ಒಕ್ಕಣೆಯನ್ನು ನೋಡದೆಯೇ ಒಪ್ಪಿಗೆಯ ಗುಂಡಿಯನ್ನು ಒತ್ತಿ ಮುಂದೆ ಸಾಗುತ್ತಾರೆ. ತಿಳಿಯದೆ ನೀಡಿದ ಒಪ್ಪಿಗೆ ನಿಜವಾದ ಒಪ್ಪಿಗೆ ಎನಿಸದು. ಆದುದರಿಂದ ಕುಕೀ ಎಂದರೇನು, ಅದರಿಂದ ಒದಗುವ ಅನುಕೂಲ ಯಾವುದು, ಆಗುವ ಹಾನಿ ಯಾವುದು, ಅದನ್ನು ಹತೋಟಿಯಲ್ಲಿಡುವ ಬಗೆ ಹೇಗೆ ಎಂಬುದನ್ನು ಪ್ರತಿಯೊಬ್ಬ ಬಳಕೆದಾರರೂ ಅರಿತಿರುವುದು ಅವಶ್ಯಕ.

ಕುಕೀ ಎಂದರೇನು?

ಗಣಕಯಂತ್ರದಲ್ಲಾಗಲಿ ಮೊಬೈಲ್ ಫೋನಿನಲ್ಲಾಗಲಿ ಜಾಲತಾಣಗಳನ್ನು ತೆರೆದು ತೋರಿಸುವ ತಂತ್ರಾಂಶಕ್ಕೆ ಬ್ರೌಸರ್ ಎಂದು ಹೆಸರು. ಕ್ರೋಮ್, ಫೈರ್‌ಫಾಕ್ಸ್, ಸಫಾರಿ, ಎಡ್ಜ್ ಇವು ಬಳಕೆಯಲ್ಲಿರುವ ಮುಖ್ಯ ಬ್ರೌಸರ್‌ಗಳು. ಬ್ರೌಸರ್ ಒಂದು ಪುಟವನ್ನು ಕೇಳುತ್ತದೆ. ದೂರದಲ್ಲಿರುವ ಸರ್ವರ್ ಎಂಬ ಗಣಕವು ಆ ಪುಟವನ್ನು ಕಳುಹಿಸುತ್ತದೆ. ಈ ವ್ಯವಹಾರವನ್ನು ನಡೆಸುವ ನಿಯಮಾವಳಿಗೆ ಎಚ್‌ಟಿಟಿಪಿ ಎನ್ನುತ್ತಾರೆ. ಇದಕ್ಕೆ ಸ್ವಭಾವತಃ ನೆನಪಿನ ಶಕ್ತಿ ಇಲ್ಲ. ಒಂದು ಪುಟವನ್ನು ಕೇಳಿದವರೇ ಮರುಕ್ಷಣದಲ್ಲಿ ಇನ್ನೊಂದು ಪುಟವನ್ನು ಕೇಳಿದರೂ ಸರ್ವರ್‌ನ ಪಾಲಿಗೆ ಅವರು ಹೊಸಬರೇ.

ಅಂತರಜಾಲದ ಅಂಗಡಿಯಲ್ಲಿ ಗಿರಾಕಿಯು ಆರಿಸಿಟ್ಟ ಸಾಮಾನುಗಳು ಪುಟ ಬದಲಾದರೂ ಬುಟ್ಟಿಯಲ್ಲಿಯೇ ಉಳಿಯಬೇಕಾದರೆ ಈ ಮರೆವಿಗೆ ಪರಿಹಾರ ಬೇಕಾಗಿತ್ತು. ಅಮೆರಿಕದ ನೆಟ್‌ಸ್ಕೇಪ್ ಸಂಸ್ಥೆಯಲ್ಲಿದ್ದ ಲೂ ಮಾಂಟುಲಿ ಎಂಬ ತಂತ್ರಜ್ಞರು 1994ರಲ್ಲಿ ಆ ಪರಿಹಾರವನ್ನು ರೂಪಿಸಿದರು. ಸರ್ವರ್ ಒಂದು ಪುಟ್ಟ ಬರಹದ ತುಣುಕನ್ನು ಬ್ರೌಸರ್‌ನ ವಶಕ್ಕೆ ಕೊಡುತ್ತದೆ. ಬ್ರೌಸರ್ ಅದೇ ಸರ್ವರ್‌ನ ಬಳಿಗೆ ಮತ್ತೆ ಹೋದಾಗಲೆಲ್ಲ ಆ ತುಣುಕನ್ನು ತೋರಿಸುತ್ತದೆ. ಈ ತುಣುಕೇ ಕುಕೀ. ಗಣಕ ತಂತ್ರಜ್ಞರು ಅದಕ್ಕೂ ಮೊದಲೇ ಇಂತಹ ಗುರುತಿನ ತುಣುಕುಗಳನ್ನು 'ಮ್ಯಾಜಿಕ್ ಕುಕೀ' ಎಂದು ಕರೆಯುತ್ತಿದ್ದುದರಿಂದ ಈ ಹೆಸರು ಬಂದಿತು.

ದೇವಸ್ಥಾನದ ಹೊರಗೆ ಪಾದರಕ್ಷೆಗಳನ್ನು ಕಾಯುವವರು ಕೊಡುವ ಬಿಲ್ಲೆಗೆ ಕುಕೀಯನ್ನು ಹೋಲಿಸಬಹುದು. ಬಿಲ್ಲೆಯ ಮೇಲೆ ಭಕ್ತರ ಹೆಸರು, ಊರು, ಕುಲ, ಗೋತ್ರ ಯಾವುದೂ ಇರುವುದಿಲ್ಲ. ಒಂದು ಸಂಖ್ಯೆ ಮಾತ್ರ ಇರುತ್ತದೆ. ದರ್ಶನ ಮುಗಿಸಿ ಬಂದು ಬಿಲ್ಲೆಯನ್ನು ತೋರಿಸಿದರೆ ಅವರವರ ಪಾದರಕ್ಷೆ ಅವರವರಿಗೆ ದೊರೆಯುತ್ತದೆ. ಕುಕೀಯೂ ಬಹುಮಟ್ಟಿಗೆ ಇಂತಹ ಸಂಖ್ಯೆಯೇ. ಸಾಮಾನ್ಯವಾಗಿ 4 ಕಿಲೋಬೈಟ್‌ಗಳಿಗೆ ಮೀರದ ಈ ತುಣುಕಿನಲ್ಲಿ ಒಂದು ಗುರುತು, ಅದನ್ನು ನೀಡಿದ ತಾಣದ ಹೆಸರು, ಅದರ ಅವಧಿ ಮುಗಿಯುವ ದಿನ ಮುಂತಾದ ವಿವರಗಳಿರುತ್ತವೆ. ಅದು ತಾನಾಗಿ ನಡೆಯುವ ತಂತ್ರಾಂಶವಲ್ಲ. ಗಣಕದಲ್ಲಿರುವ ಕಡತಗಳನ್ನು ಓದುವ ಸಾಮರ್ಥ್ಯವೂ ಅದಕ್ಕಿಲ್ಲ. ಕೆಲವು ಕುಕೀಗಳು ಬ್ರೌಸರ್ ಮುಚ್ಚಿದೊಡನೆ ಅಳಿದುಹೋಗುತ್ತವೆ. ಮತ್ತೆ ಕೆಲವು ತಿಂಗಳುಗಟ್ಟಲೆ, ವರ್ಷಕ್ಕೂ ಮಿಕ್ಕಿ ಉಳಿಯುತ್ತವೆ.

ಯಾರ ಕುಕೀ ಎಂಬುದೇ ಮುಖ್ಯ

ಕುಕೀಗಳಲ್ಲಿ ಎರಡು ಬಗೆಗಳುಂಟು. ಓದುಗರು ತಾವಾಗಿ ತೆರೆದ ಜಾಲತಾಣವೇ ನೀಡುವ ಕುಕೀ ಮೊದಲ ಬಗೆಯದು. ಇದನ್ನು ಸ್ವಂತ ತಾಣದ ಕುಕೀ ಎನ್ನಬಹುದು. ಬ್ಯಾಂಕಿನ ತಾಣದಲ್ಲಿ ಒಂದು ಪುಟದಿಂದ ಮತ್ತೊಂದು ಪುಟಕ್ಕೆ ಹೋದಾಗ ಮತ್ತೆ ಮತ್ತೆ ಗುಪ್ತಪದ ಕೇಳದಿರುವುದು, ಒಮ್ಮೆ ಕನ್ನಡವನ್ನು ಆರಿಸಿದರೆ ಮುಂದಿನ ಬಾರಿಯೂ ಪುಟ ಕನ್ನಡದಲ್ಲಿಯೇ ತೆರೆಯುವುದು ಇದರಿಂದಲೇ. ಇವನ್ನು ಸಂಪೂರ್ಣವಾಗಿ ನಿಷೇಧಿಸಿದರೆ ಅನೇಕ ಉಪಯುಕ್ತ ತಾಣಗಳು ಕೆಲಸ ಮಾಡುವುದಿಲ್ಲ.

ಎರಡನೆಯದು ಅನ್ಯ ತಾಣದ ಕುಕೀ. ಓದುಗರು ತೆರೆದ ಪುಟದಲ್ಲಿ ಜಾಹೀರಾತು, ಚಲನಚಿತ್ರದ ತುಣುಕು, ಸಾಮಾಜಿಕ ಜಾಲದ ಗುಂಡಿ ಮುಂತಾದುವು ಬೇರೆ ಸಂಸ್ಥೆಗಳ ಸರ್ವರ್‌ಗಳಿಂದ ಬಂದು ಸೇರುತ್ತವೆ. ಆ ಸಂಸ್ಥೆಗಳೂ ಅದೇ ಹೊತ್ತಿನಲ್ಲಿ ತಮ್ಮ ಕುಕೀಯನ್ನು ಇರಿಸಬಲ್ಲವು. ಪಾದರಕ್ಷೆಯ ಬಿಲ್ಲೆಯ ಹೋಲಿಕೆಯನ್ನೇ ಮುಂದುವರಿಸುವುದಾದರೆ, ಪೇಟೆಯ ದೇವಸ್ಥಾನ, ಆಸ್ಪತ್ರೆ, ಲೇವಾದೇವಿ ಅಂಗಡಿ, ವಕೀಲರ ಕಚೇರಿ ಇವೆಲ್ಲವುಗಳ ಬಾಗಿಲಲ್ಲಿಯೂ ಒಬ್ಬನೇ ಗುತ್ತಿಗೆದಾರನು ಆಳುಗಳನ್ನು ನಿಲ್ಲಿಸಿ, 108ನೆಯ ಬಿಲ್ಲೆಯವರು ಎಷ್ಟು ಹೊತ್ತಿಗೆ ಎಲ್ಲಿಗೆ ಬಂದರು ಎಂಬುದನ್ನು ಒಂದೇ ಪುಸ್ತಕದಲ್ಲಿ ಬರೆಸುತ್ತಿದ್ದಾನೆಂದು ಭಾವಿಸಬಹುದು. ಒಂದೊಂದು ನಮೂದೂ ಬಿಡಿಯಾಗಿ ನೋಡಿದರೆ ಅಲ್ಪವಾದುದು. ಎಲ್ಲವನ್ನೂ ಜೋಡಿಸಿದಾಗ ಒಬ್ಬರ ಕಾಯಿಲೆ, ಸಾಲ, ಕುಟುಂಬದ ತೊಂದರೆಗಳೆಲ್ಲವೂ ಆ ಪುಸ್ತಕದಲ್ಲಿ ಕಾಣುತ್ತವೆ.

ಈ ಅಪಾಯವು ಮೊದಲಿನಿಂದಲೇ ತಜ್ಞರ ಗಮನದಲ್ಲಿತ್ತು. ಅಂತರಜಾಲದ ತಾಂತ್ರಿಕ ಮಾನದಂಡಗಳನ್ನು ರೂಪಿಸುವ ಐಇಟಿಎಫ್ ಮಂಡಲಿಯು 1997ರಲ್ಲಿ ಪ್ರಕಟಿಸಿದ ಕುಕೀ ಮಾನದಂಡವು, ಬಳಕೆದಾರರು ತೆರೆಯದ ತಾಣಗಳ ಕುಕೀಗಳಿಗೆ ಬ್ರೌಸರ್‌ಗಳು ತಾವಾಗಿ ಅವಕಾಶ ನೀಡಬಾರದೆಂದು ಸೂಚಿಸಿತ್ತು. ಅಂದಿನ ಪ್ರಮುಖ ಬ್ರೌಸರ್‌ಗಳು ಆ ಸೂಚನೆಯನ್ನು ಪಾಲಿಸಲಿಲ್ಲ. ಜಾಹೀರಾತು ಉದ್ಯಮವು ಅನ್ಯ ತಾಣದ ಕುಕೀಗಳನ್ನೇ ನೆಚ್ಚಿ ಬೆಳೆಯಿತು.

ಒತ್ತದ ಗುಂಡಿಯ ಕಥೆ

2010ರ ಏಪ್ರಿಲ್‌ನಲ್ಲಿ ಫೇಸ್‌ಬುಕ್ ಸಂಸ್ಥೆಯು ಇತರ ಜಾಲತಾಣಗಳು ತಮ್ಮ ಪುಟಗಳಲ್ಲಿ ಅಳವಡಿಸಿಕೊಳ್ಳಬಹುದಾದ 'ಲೈಕ್' ಗುಂಡಿಯನ್ನು ಹೊರತಂದಿತು. ಗುಂಡಿಯನ್ನು ಒತ್ತಿದರೆ ಮಾತ್ರ ಮಾಹಿತಿ ಹೋಗುವುದೆಂದು ಸಾಮಾನ್ಯರು ಭಾವಿಸುವುದು ಸಹಜ. ವಾಸ್ತವದಲ್ಲಿ ಗುಂಡಿಯ ಚಿತ್ರವು ಫೇಸ್‌ಬುಕ್‌ನ ಸರ್ವರ್‌ನಿಂದಲೇ ಬರಬೇಕಾಗಿದ್ದುದರಿಂದ, ಪುಟ ತೆರೆದೊಡನೆಯೇ ಯಾವ ಬ್ರೌಸರ್ ಯಾವ ಪುಟವನ್ನು ನೋಡುತ್ತಿದೆ ಎಂಬ ಸುದ್ದಿ ಅಲ್ಲಿಗೆ ತಲಪುತ್ತಿತ್ತು. ಓದುಗರು ಅದೇ ಬ್ರೌಸರ್‌ನಲ್ಲಿ ಫೇಸ್‌ಬುಕ್ ಖಾತೆಯನ್ನು ತೆರೆದಿಟ್ಟಿದ್ದರೆ ಆ ಸುದ್ದಿಗೆ ಅವರ ಹೆಸರೂ ಸೇರಬಹುದಾಗಿತ್ತು. ಸಂಖ್ಯೆಯಷ್ಟೇ ಇದ್ದ ಬಿಲ್ಲೆಯ ಮೇಲೆ ಹೆಸರನ್ನು ಕೆತ್ತಿದಂತೆ ಇದು.

ಬೆಲ್ಜಿಯಂ ದೇಶದ ಖಾಸಗಿತನ ಆಯೋಗವು ಸದಸ್ಯರಲ್ಲದವರನ್ನೂ ಈ ರೀತಿ ಗುರುತಿಸಲಾಗುತ್ತಿದೆ ಎಂದು ಆಕ್ಷೇಪಿಸಿ 2015ರಲ್ಲಿ ನ್ಯಾಯಾಲಯದ ಮೊರೆಹೊಕ್ಕಿತು. 48 ಗಂಟೆಗಳೊಳಗೆ ಇದನ್ನು ನಿಲ್ಲಿಸದಿದ್ದರೆ ದಿನವೊಂದಕ್ಕೆ 2,50,000 ಯೂರೋ ದಂಡ ತೆರಬೇಕೆಂದು ಬ್ರಸೆಲ್ಸ್ ನ್ಯಾಯಾಲಯವು ಆ ವರ್ಷದ ನವೆಂಬರ್‌ನಲ್ಲಿ ಆದೇಶಿಸಿತು. ಅಧಿಕಾರವ್ಯಾಪ್ತಿಯ ಪ್ರಶ್ನೆಯ ಮೇಲೆ 2016ರಲ್ಲಿ ಈ ಆದೇಶವು ಮೇಲ್ಮನವಿಯಲ್ಲಿ ರದ್ದಾದರೂ 2018ರಲ್ಲಿ ಕೆಳ ನ್ಯಾಯಾಲಯವು ಮತ್ತೊಮ್ಮೆ ಆಯೋಗದ ಪರವಾಗಿ ತೀರ್ಪು ನೀಡಿತು. 2019ರ ಜುಲೈ 29ರಂದು ಐರೋಪ್ಯ ಒಕ್ಕೂಟದ ನ್ಯಾಯಾಲಯವು ಜರ್ಮನಿಯ ಬಟ್ಟೆ ವ್ಯಾಪಾರದ ತಾಣವೊಂದರ ಮೊಕದ್ದಮೆಯಲ್ಲಿ, ಇಂತಹ ಗುಂಡಿಯನ್ನು ಅಳವಡಿಸಿಕೊಂಡ ತಾಣವೂ ಮಾಹಿತಿಯ ಸಂಗ್ರಹ ಮತ್ತು ರವಾನೆಗೆ ಜಂಟಿಯಾಗಿ ಹೊಣೆಯೆಂದು ಸಾರಿತು.

ಹೊರ ತಾಣಗಳ ಲೈಕ್ ಗುಂಡಿಯನ್ನು 2026ರ ಫೆಬ್ರವರಿಯಲ್ಲಿ ನಿಲ್ಲಿಸುವುದಾಗಿ ಫೇಸ್‌ಬುಕ್‌ನ ಒಡೆತನದ ಮೆಟಾ ಸಂಸ್ಥೆಯು 2025ರಲ್ಲಿ ಪ್ರಕಟಿಸಿತು. ಆದರೆ ಕಣ್ಣಿಗೆ ಕಾಣುವ ಗುಂಡಿಯಿಲ್ಲದ ಮಾತ್ರಕ್ಕೆ ಹಿಂಬಾಲಿಕೆಯೂ ಇಲ್ಲವೆಂದು ತಿಳಿಯಬಾರದು. 'ಪಿಕ್ಸೆಲ್' ಎಂದು ಕರೆಯಲಾಗುವ, ಪುಟದಲ್ಲಿ ಅಡಗಿರುವ ಪುಟ್ಟ ತಂತ್ರಾಂಶದ ತುಣುಕುಗಳು ಇದೇ ಕೆಲಸವನ್ನು ಮಾಡುತ್ತವೆ.

ಇದರಿಂದ ಆಗುವ ಹಾನಿ

ಮುಚ್ಚಿಡುವಂತಹುದು ಏನೂ ಇಲ್ಲದವರಿಗೆ ಇದರಿಂದ ತೊಂದರೆ ಏನು ಎಂದು ಕೆಲವರು ಕೇಳುವುದುಂಟು. ಮನೆಯ ಹಿರಿಯರೊಬ್ಬರ ಮಾನಸಿಕ ಕಾಯಿಲೆಯ ಬಗ್ಗೆ ಮಗನೊಬ್ಬನು ಅಂತರಜಾಲದಲ್ಲಿ ಮಾಹಿತಿ ಹುಡುಕುವುದು ತಪ್ಪಲ್ಲ. ಹಾಗೆಂದು ಅದು ಊರಿಗೆಲ್ಲ ತಿಳಿಯಬೇಕಾದ ವಿಷಯವೂ ಅಲ್ಲ. ವೈದ್ಯರ ಮುಂದೆ ಹೇಳಿದ್ದು ವೈದ್ಯರಲ್ಲಿಯೇ ಉಳಿಯಬೇಕೆಂಬುದು ಎಲ್ಲರೂ ಒಪ್ಪಿದ ಮರ್ಯಾದೆ. ಅಂತರಜಾಲದಲ್ಲಿ ಈ ಮರ್ಯಾದೆ ಮುರಿದ ನಿದರ್ಶನಗಳಿವೆ. ಔಷಧಿಗಳನ್ನು ರಿಯಾಯಿತಿ ದರದಲ್ಲಿ ಒದಗಿಸಲು ನೆರವಾಗುವ ಅಮೆರಿಕದ ಗುಡ್‌ಆರ್‌ಎಕ್ಸ್ ಸಂಸ್ಥೆಯು ಬಳಕೆದಾರರ ಔಷಧಿ ಹಾಗೂ ಕಾಯಿಲೆಗಳಿಗೆ ಸಂಬಂಧಿಸಿದ ಮಾಹಿತಿಯನ್ನು ಫೇಸ್‌ಬುಕ್, ಗೂಗಲ್ ಮುಂತಾದ ಜಾಹೀರಾತು ಸಂಸ್ಥೆಗಳಿಗೆ ಒದಗಿಸಿತೆಂದು ಆ ದೇಶದ ಫೆಡರಲ್ ಟ್ರೇಡ್ ಕಮಿಷನ್ 2023ರ ಫೆಬ್ರವರಿಯಲ್ಲಿ ಆರೋಪಿಸಿತು. ಸಂಸ್ಥೆಯು ತಪ್ಪನ್ನು ಒಪ್ಪಿಕೊಳ್ಳದಿದ್ದರೂ 15 ಲಕ್ಷ ಡಾಲರ್ ದಂಡವನ್ನು ತೆರಲು ಸಮ್ಮತಿಸಿತು.

ಒಂದೇ ಗಣಕವನ್ನು ಮನೆಮಂದಿಯೆಲ್ಲ ಬಳಸುವಲ್ಲಿ ಮತ್ತೊಂದು ತೊಡಕು ಉಂಟಾಗುತ್ತದೆ. ಮನೆಯಲ್ಲಿ ಒಬ್ಬರು ಗುಟ್ಟಾಗಿ ವಿಚಾರಿಸಿದ ಸಾಲದ ಅಥವಾ ಚಿಕಿತ್ಸೆಯ ಜಾಹೀರಾತು ಮರುದಿನ ಮತ್ತೊಬ್ಬರ ಕಣ್ಣಿಗೆ ಬೀಳಬಹುದು. ಕಷ್ಟದಲ್ಲಿರುವವರ ಅವಸರವನ್ನು ಅರಿತು ಅವರಿಗೆಂದೇ ಒಡ್ಡುವ ದುಬಾರಿ ಸಾಲದ, ಹುಸಿ ಚಿಕಿತ್ಸೆಯ ಜಾಹೀರಾತುಗಳಿಂದ ಆರ್ಥಿಕ ನಷ್ಟವೂ ಸಂಭವಿಸಬಹುದು.

ಕಾನೂನಿನ ರಕ್ಷಣೆ

ಖಾಸಗಿತನದ ಹಕ್ಕಿನ ಚರಿತ್ರೆಯಲ್ಲಿ ಕನ್ನಡಿಗರೊಬ್ಬರ ಹೆಸರು ಶಾಶ್ವತವಾಗಿ ಸೇರಿದೆ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಸಲ್ಲಿಸಿದ್ದ ಅರ್ಜಿಯಿಂದ ಮೊದಲಾದ ಪ್ರಕರಣದಲ್ಲಿ, ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಖಾಸಗಿತನವು ಸಂವಿಧಾನವು ನೀಡಿರುವ ಮೂಲಭೂತ ಹಕ್ಕೆಂದು ಸರ್ವಾನುಮತದಿಂದ ಘೋಷಿಸಿತು.

2023ರ ಆಗಸ್ಟ್‌ನಲ್ಲಿ ರಾಷ್ಟ್ರಪತಿಗಳ ಅಂಕಿತ ಪಡೆದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮದಲ್ಲಿ ಕುಕೀ ಎಂಬ ಪದವಿಲ್ಲ. ಆದರೆ ವ್ಯಕ್ತಿಯೊಬ್ಬರನ್ನು ಗುರುತಿಸಬಲ್ಲ ಡಿಜಿಟಲ್ ದತ್ತಾಂಶಕ್ಕೆ ಅದು ಅನ್ವಯಿಸುತ್ತದೆ. ಸಮ್ಮತಿಯು ಮುಕ್ತವೂ ನಿರ್ದಿಷ್ಟವೂ ಷರತ್ತುರಹಿತವೂ ಆಗಿರಬೇಕು, ವಿಷಯವನ್ನು ತಿಳಿದು ನೀಡಿದುದಾಗಿರಬೇಕು, ನೀಡಿದಷ್ಟೇ ಸುಲಭವಾಗಿ ಅದನ್ನು ಹಿಂಪಡೆಯಲು ಸಾಧ್ಯವಾಗಬೇಕು ಎಂದು ಅಧಿನಿಯಮವು ವಿಧಿಸುತ್ತದೆ. 18 ವರ್ಷ ತುಂಬದ ಮಕ್ಕಳನ್ನು ಹಿಂಬಾಲಿಸಿ ಗಮನಿಸುವುದನ್ನೂ, ಅವರನ್ನೇ ಗುರಿಯಾಗಿಸಿದ ಜಾಹೀರಾತನ್ನೂ ಅದು ಕೆಲವು ವಿನಾಯಿತಿಗಳಿಗೆ ಒಳಪಟ್ಟು ನಿಷೇಧಿಸುತ್ತದೆ. ಸಮ್ಮತಿ ಕೋರುವ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿರುವ 22 ಭಾಷೆಗಳಲ್ಲಿ ಯಾವುದರಲ್ಲಾದರೂ ಓದುವ ಆಯ್ಕೆಯನ್ನು ಒದಗಿಸಬೇಕೆಂಬ ವಿಧಿಯು ಹೊರನಾಡ ಕನ್ನಡಿಗರಿಗೆ ವಿಶೇಷ ಮಹತ್ವದ್ದು. ಪುಣೆಯಲ್ಲಿರಲಿ ದೆಹಲಿಯಲ್ಲಿರಲಿ, ಆ ಸೂಚನೆಯನ್ನು ಕನ್ನಡದಲ್ಲಿ ಕೇಳಲು ಇದರಿಂದ ಅವಕಾಶವಾಗುತ್ತದೆ. 2025ರ ನವೆಂಬರ್‌ನಲ್ಲಿ ನಿಯಮಗಳನ್ನು ಅಧಿಸೂಚಿಸಿದಾಗ, ಸಮ್ಮತಿ ಮತ್ತು ಸೂಚನೆ ಕುರಿತ ವಿಧಿಗಳ ಜಾರಿಗೆ 18 ತಿಂಗಳ ಕಾಲಾವಧಿಯನ್ನು ಗೊತ್ತುಪಡಿಸಲಾಯಿತು.

ಕಾನೂನು ಎಷ್ಟೇ ಬಲವಾಗಿದ್ದರೂ ಮನೆಯ ಬಾಗಿಲಿಗೆ ಚಿಲಕ ಹಾಕಿಕೊಳ್ಳುವ ಹೊಣೆ ಮನೆಯವರದೇ. ಮುಂದೆ ತಿಳಿಸಿರುವ ಕ್ರಮಗಳಿಗೆ ಹಣದ ಖರ್ಚಿಲ್ಲ. ವಿಶೇಷ ತಾಂತ್ರಿಕ ಪರಿಣತಿಯೂ ಬೇಕಿಲ್ಲ.

ಬಳಕೆದಾರರು ಕೈಗೊಳ್ಳಬಹುದಾದ ಕ್ರಮಗಳು

1. ಅನ್ಯ ತಾಣದ ಕುಕೀಗಳನ್ನು ತಡೆಯುವುದು: ಸಫಾರಿ ಬ್ರೌಸರ್ 2020ರ ಮಾರ್ಚ್‌ನಿಂದ ಇವನ್ನು ತಾನಾಗಿಯೇ ತಡೆಯುತ್ತದೆ. ಫೈರ್‌ಫಾಕ್ಸ್ 2022ರಿಂದ ಪ್ರತಿಯೊಂದು ತಾಣದ ಕುಕೀಗಳನ್ನೂ ಪ್ರತ್ಯೇಕ ಡಬ್ಬಿಯಲ್ಲಿ ಇರಿಸಿದಂತೆ ಬೇರ್ಪಡಿಸಿಡುತ್ತದೆ. ಅದರ 'ಸೆಟ್ಟಿಂಗ್ಸ್'ನಲ್ಲಿ 'ಸ್ಟ್ರಿಕ್ಟ್' ಎಂಬುದನ್ನು ಆರಿಸಿದರೆ ರಕ್ಷಣೆ ಇನ್ನೂ ಹೆಚ್ಚುತ್ತದೆ. ಗೂಗಲ್ ಸಂಸ್ಥೆಯು ಕ್ರೋಮ್‌ನಿಂದ ಅನ್ಯ ತಾಣದ ಕುಕೀಗಳನ್ನು ತೆಗೆದುಹಾಕುವುದಾಗಿ 2020ರಲ್ಲಿ ಪ್ರಕಟಿಸಿ, ಹಲವು ಬಾರಿ ಮುಂದೂಡಿ, 2024ರ ಜುಲೈನಲ್ಲಿ ಆ ಯೋಜನೆಯನ್ನು ಕೈಬಿಟ್ಟಿತು. ಆದುದರಿಂದ ಕ್ರೋಮ್ ಬಳಸುವವರು ಈ ಕೆಲಸವನ್ನು ತಾವೇ ಮಾಡಿಕೊಳ್ಳಬೇಕು. 'ಸೆಟ್ಟಿಂಗ್ಸ್' ತೆರೆದು, 'ಪ್ರೈವೆಸಿ ಆ್ಯಂಡ್ ಸೆಕ್ಯುರಿಟಿ' ಭಾಗದಲ್ಲಿ 'ಥರ್ಡ್ ಪಾರ್ಟಿ ಕುಕೀಸ್' ಎಂಬಲ್ಲಿಗೆ ಹೋಗಿ, ತಡೆಯುವ ಆಯ್ಕೆಯನ್ನು ಗುರುತಿಸಬೇಕು. ಇದಾದ ಮೇಲೆ ಹಣಪಾವತಿಯ ಪುಟವೇ ಮೊದಲಾದ ಯಾವುದಾದರೂ ತಾಣ ಸರಿಯಾಗಿ ನಡೆಯದಿದ್ದರೆ ಆ ಒಂದು ತಾಣಕ್ಕೆ ಮಾತ್ರ ವಿನಾಯಿತಿ ನೀಡಬಹುದು. ಇಡೀ ತಡೆಯನ್ನು ತೆಗೆದುಹಾಕುವ ಅಗತ್ಯವಿಲ್ಲ.

2. ಹಳೆಯ ಕುಕೀಗಳನ್ನು ಅಳಿಸುವುದು: ತಡೆಯನ್ನು ಹಾಕುವ ಮೊದಲೇ ಸೇರಿಕೊಂಡಿರುವ ಕುಕೀಗಳು ತಾವಾಗಿ ಹೋಗುವುದಿಲ್ಲ. ಬ್ರೌಸರ್‌ನಲ್ಲಿ ಸಂಗ್ರಹವಾದ ಮಾಹಿತಿಯನ್ನು ಅಳಿಸುವ ಭಾಗದಲ್ಲಿ ಕುಕೀಗಳನ್ನು ಆರಿಸಿ ಅಳಿಸಬೇಕು. ಹೀಗೆ ಮಾಡಿದಾಗ ಎಲ್ಲ ಖಾತೆಗಳಿಂದಲೂ ಹೊರಬಂದಂತಾಗುವುದರಿಂದ ಗುಪ್ತಪದಗಳು ನೆನಪಿನಲ್ಲಿವೆಯೇ ಎಂದು ಮೊದಲೇ ಖಚಿತಪಡಿಸಿಕೊಳ್ಳುವುದು ಒಳ್ಳೆಯದು.

3. ಸಮ್ಮತಿಯ ಚೌಕವನ್ನು ಓದುವುದು: 'ರಿಜೆಕ್ಟ್ ಆಲ್' ಎಂಬ ಗುಂಡಿಯಿದ್ದರೆ ಅದನ್ನು ಒತ್ತಬಹುದು, ತಾಣ ನಡೆಯಲು ಅತ್ಯಗತ್ಯವಾದ ಕುಕೀಗಳು ಸಾಮಾನ್ಯವಾಗಿ ಉಳಿದೇ ಇರುತ್ತವೆ. ಕೆಲವು ತಾಣಗಳಲ್ಲಿ ಒಪ್ಪಿಗೆಯ ಗುಂಡಿ ಎದ್ದುಕಾಣುವಂತೆಯೂ ನಿರಾಕರಣೆಯ ದಾರಿ ಒಳಪುಟಗಳಲ್ಲಿಯೂ ಇರುತ್ತದೆ. ಒಪ್ಪುವಷ್ಟು ಸುಲಭವಾಗಿ ನಿರಾಕರಿಸಲು ಅವಕಾಶ ನೀಡಲಿಲ್ಲವೆಂಬ ಕಾರಣಕ್ಕೆ ಫ್ರಾನ್ಸಿನ ದತ್ತಾಂಶ ಸಂರಕ್ಷಣಾ ಪ್ರಾಧಿಕಾರವು 2022ರ ಜನವರಿಯಲ್ಲಿ ಗೂಗಲ್‌ಗೆ 15 ಕೋಟಿ ಯೂರೋ, ಫೇಸ್‌ಬುಕ್‌ಗೆ 6 ಕೋಟಿ ಯೂರೋ ದಂಡ ವಿಧಿಸಿರುವುದನ್ನು ಪ್ರಕಟಿಸಿತು. ನಿರಾಕರಣೆಯ ಗುಂಡಿಯನ್ನು ಹುಡುಕಲು ತಗಲುವ ಅರ್ಧ ನಿಮಿಷ ವ್ಯರ್ಥವಲ್ಲ.

4. ಸಾಮಾಜಿಕ ಜಾಲವನ್ನು ಪ್ರತ್ಯೇಕವಾಗಿಡುವುದು: ಫೇಸ್‌ಬುಕ್, ಇನ್‌ಸ್ಟಾಗ್ರಾಮ್‌ಗಳಿಗೆ ಒಂದು ಬ್ರೌಸರ್, ಬ್ಯಾಂಕು, ಆಸ್ಪತ್ರೆ, ಓದು ಇವುಗಳಿಗೆ ಇನ್ನೊಂದು ಬ್ರೌಸರ್ ಎಂದು ಇಟ್ಟುಕೊಳ್ಳುವುದು ಸರಳವಾದ ಉಪಾಯ. ಒಂದು ಬ್ರೌಸರ್‌ನ ಕುಕೀಯನ್ನು ಇನ್ನೊಂದು ಬ್ರೌಸರ್ ತೋರಿಸುವುದಿಲ್ಲ. ಫೈರ್‌ಫಾಕ್ಸ್ ಬಳಸುವವರಿಗಾಗಿ ಮೊಜಿಲ್ಲಾ ಸಂಸ್ಥೆಯು 2018ರಲ್ಲಿ ಹೊರತಂದ 'ಫೇಸ್‌ಬುಕ್ ಕಂಟೇನರ್' ಎಂಬ ಉಚಿತ ಜೋಡಣೆಯು ಇದೇ ಕೆಲಸವನ್ನು ಒಂದೇ ಬ್ರೌಸರ್‌ನೊಳಗೆ ಮಾಡುತ್ತದೆ. ಬೇರೆ ತಾಣಗಳಲ್ಲಿ ಹೊಸ ಖಾತೆ ತೆರೆಯುವಾಗ ಫೇಸ್‌ಬುಕ್ ಖಾತೆಯ ಮೂಲಕ ಪ್ರವೇಶಿಸುವ ಸುಲಭ ದಾರಿಯನ್ನು ಬಿಟ್ಟು ಪ್ರತ್ಯೇಕ ಗುಪ್ತಪದವನ್ನು ಬಳಸುವುದು ಉತ್ತಮ. ಇತರ ತಾಣಗಳಿಂದ ಬಂದು ಸೇರಿದ ಚಟುವಟಿಕೆಯ ಪಟ್ಟಿಯನ್ನು ನೋಡಲು, ಖಾತೆಯಿಂದ ಅದನ್ನು ಬೇರ್ಪಡಿಸಲು ಫೇಸ್‌ಬುಕ್ ಖಾತೆಯ ವ್ಯವಸ್ಥೆಗಳಲ್ಲಿಯೇ ಅವಕಾಶವಿದೆ.

5. ಫೋನಿನ ಆ್ಯಪ್‌ಗಳತ್ತ ಗಮನ: ಆ್ಯಪ್‌ಗಳು ಗುರುತಿಗಾಗಿ ಕುಕೀಯ ಬದಲು ಫೋನಿನ ಜಾಹೀರಾತು ಸಂಖ್ಯೆಯನ್ನು ಬಳಸಬಲ್ಲವು. ಆಂಡ್ರಾಯ್ಡ್ ಫೋನಿನ 'ಸೆಟ್ಟಿಂಗ್ಸ್'ನಲ್ಲಿ ಜಾಹೀರಾತುಗಳಿಗೆ ಸಂಬಂಧಿಸಿದ ಭಾಗಕ್ಕೆ ಹೋಗಿ ಈ ಸಂಖ್ಯೆಯನ್ನು ಅಳಿಸಬಹುದು. ಐಫೋನಿನಲ್ಲಿ 2021ರ ಏಪ್ರಿಲ್‌ನಿಂದ, ಇತರ ಸಂಸ್ಥೆಗಳ ಆ್ಯಪ್ ಮತ್ತು ತಾಣಗಳಲ್ಲಿ ಬಳಕೆದಾರರನ್ನು ಹಿಂಬಾಲಿಸಲು ಬಯಸುವ ಆ್ಯಪ್ ಮೊದಲು ಅನುಮತಿ ಕೇಳಬೇಕಾಗಿದೆ. ಬೇಡವೆನ್ನುವುದರಿಂದ ಆ್ಯಪ್‌ನ ಬಳಕೆಗೆ ಅಡ್ಡಿಯಾಗಬಾರದು.

6. ಹಂಚಿಕೊಂಡ ಗಣಕಗಳಲ್ಲಿ ಎಚ್ಚರಿಕೆ: ಕಚೇರಿ, ವಾಚನಾಲಯ, ಜೆರಾಕ್ಸ್ ಅಂಗಡಿಗಳ ಗಣಕಗಳನ್ನು ಬಳಸುವಾಗ ಬ್ರೌಸರ್‌ನ ಖಾಸಗಿ ಕಿಟಕಿಯನ್ನು ತೆರೆದು ಕೆಲಸ ಮಾಡಬೇಕು. ಕೆಲಸ ಮುಗಿದ ಮೇಲೆ ಖಾತೆಯಿಂದ ಹೊರಬಂದು ಎಲ್ಲ ಖಾಸಗಿ ಕಿಟಕಿಗಳನ್ನೂ ಮುಚ್ಚಬೇಕು. ಪ್ರವೇಶದ ಕುಕೀ ಗಣಕದಲ್ಲಿ ಉಳಿದರೆ ಮುಂದೆ ಬಂದು ಕುಳಿತವರಿಗೆ ಗುಪ್ತಪದವಿಲ್ಲದೆಯೇ ಖಾತೆ ತೆರೆದುಕೊಳ್ಳಬಹುದು.

ಈ ಕ್ರಮಗಳ ಮಿತಿ

ಕುಕೀಗಳನ್ನು ತಡೆದ ಮಾತ್ರಕ್ಕೆ ಬಳಕೆದಾರರು ಅದೃಶ್ಯರಾಗುವುದಿಲ್ಲ. ಅಂತರಜಾಲದ ಸಂಪರ್ಕಕ್ಕೆ ದೊರೆಯುವ ಐಪಿ ವಿಳಾಸವು ಪ್ರತಿ ತಾಣಕ್ಕೂ ತಿಳಿಯುತ್ತದೆ. ಪರದೆಯ ಅಳತೆ, ಅಕ್ಷರಶೈಲಿ, ಭಾಷೆ ಮುಂತಾದ ವಿವರಗಳನ್ನು ಒಟ್ಟುಗೂಡಿಸಿ ಬ್ರೌಸರ್‌ನ 'ಬೆರಳಚ್ಚು' ಪಡೆಯುವ ವಿಧಾನವೂ ಉಂಟು. ಖಾಸಗಿ ಕಿಟಕಿಯು ಆ ಗಣಕದಲ್ಲಿ ಚರಿತ್ರೆಯನ್ನು ಉಳಿಸುವುದಿಲ್ಲವೇ ಹೊರತು, ಕಚೇರಿಯ ಜಾಲವನ್ನು ನೋಡಿಕೊಳ್ಳುವವರಿಂದಾಗಲಿ ಸಂಪರ್ಕ ಒದಗಿಸುವ ಸಂಸ್ಥೆಯಿಂದಾಗಲಿ ಎಲ್ಲವನ್ನೂ ಮರೆಮಾಡುವುದಿಲ್ಲ. ಖಾತೆಯೊಂದಕ್ಕೆ ಹೆಸರು ಹೇಳಿ ಪ್ರವೇಶಿಸಿದ ಮೇಲೆ ಅಲ್ಲಿ ನಡೆಸಿದ ಚಟುವಟಿಕೆಯೂ ಆ ಸಂಸ್ಥೆಗೆ ತಿಳಿದೇ ಇರುತ್ತದೆ. ಹೀಗಿದ್ದರೂ ಮೇಲಿನ ಕ್ರಮಗಳಿಂದ ಹಿಂಬಾಲಿಕೆಯ ಅತಿ ಸುಲಭವಾದ ದಾರಿಗಳು ಮುಚ್ಚುತ್ತವೆ. ಒಂದು ತಾಣದಲ್ಲಿ ನಡೆದುದನ್ನು ಮತ್ತೊಂದು ತಾಣದಲ್ಲಿ ನಡೆದುದರೊಡನೆ ಜೋಡಿಸುವುದು ಕಷ್ಟವಾಗುತ್ತದೆ.

ಬ್ರೌಸರ್‌ಗಳು ಹೊಸ ಆವೃತ್ತಿಗೆ ಬದಲಾದಾಗ ಆಯ್ಕೆಗಳ ಹೆಸರೂ ಸ್ಥಾನವೂ ಬದಲಾಗುವುದುಂಟು. ಆದುದರಿಂದ ಮೂರು ನಾಲ್ಕು ತಿಂಗಳಿಗೊಮ್ಮೆ ಈ ವ್ಯವಸ್ಥೆಗಳನ್ನು ಪರಿಶೀಲಿಸುವ ರೂಢಿಯನ್ನು ಬೆಳೆಸಿಕೊಳ್ಳಬೇಕು. ಕ್ರೋಮ್ ಮತ್ತು ಫೈರ್‌ಫಾಕ್ಸ್‌ಗಳನ್ನು ಕನ್ನಡದಲ್ಲಿಯೇ ಬಳಸುವ ಸೌಲಭ್ಯವಿರುವುದರಿಂದ, ಇಂಗ್ಲಿಷ್ ಅಥವಾ ಹಿಂದಿ ಓದಲು ತೊಡಕಿರುವ ಹಿರಿಯರಿಗೆ ಭಾಷೆಯನ್ನು ಬದಲಿಸಿಕೊಟ್ಟರೆ ಅವರೂ ತಾವೇ ಓದಿ ನಿರ್ಧರಿಸಬಲ್ಲರು. ಮನೆಯಲ್ಲಿ ಈ ವಿಷಯವನ್ನು ಬಲ್ಲವರೊಬ್ಬರು ಒಂದು ರಜಾದಿನದ ಅರ್ಧ ಗಂಟೆಯನ್ನು ಇದಕ್ಕಾಗಿ ಮೀಸಲಿಟ್ಟು ಮನೆಯವರೆಲ್ಲರ ಫೋನುಗಳನ್ನು ಸರಿಪಡಿಸಿಕೊಟ್ಟರೆ, ಸಮ್ಮತಿಯ ಚೌಕವು ಮುಂದಿನ ಬಾರಿ ಮೂಡಿದಾಗ ಅದು ಏನನ್ನು ಕೇಳುತ್ತಿದೆ ಎಂಬುದು ಎಲ್ಲರಿಗೂ ತಿಳಿದಿರುತ್ತದೆ.